ಆಷಾಢದ ಗಾಳಿ, ಅಕ್ಕನ ವಿಮಾನ

ಚಳ್ಳಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟು ಇಪ್ಪತ್ತೆಂಟು ವರ್ಷವಾಯಿತು. ಊರಿನ ಅರ್ಧ ಜನಕ್ಕೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದುಕೊಟ್ಟವನು ನಾನು. ನನ್ನ ಹತ್ತಿರವೇ ಪಾಸ್‌ಪೋರ್ಟ್ ಇರಲಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ. ಮದುವೆ ಮನೆಗಳಲ್ಲಿ 'ಸ್ವಲ್ಪ ನಗ್ರೀ, ಸ್ವಲ್ಪ ನಗ್ರೀ' ಅಂತ ಬೇಡಿಕೊಂಡು ಬೇಡಿಕೊಂಡು, ಈಗ ಯಾರಾದರೂ ಹಲ್ಲು ಕಿರಿದರೆ ನನಗೆ ಸಿಟ್ಟೇ ಬರುತ್ತದೆ.

ಐವತ್ತು ದಾಟಿದ ಮೇಲೆ ನಾನು ಪಾಸ್‌ಪೋರ್ಟ್ ಮಾಡಿಸಿದ್ದು ವಿಮಾನದ ಫೋಟೋ ತೆಗೆಯುವುದಕ್ಕೆ. ಥಾಯ್ಲೆಂಡಿನ ಒಂದು ದ್ವೀಪದಲ್ಲಿ ವಿಮಾನ ನಿಲ್ದಾಣ ಸಮುದ್ರದ ದಂಡೆಗೇ ಅಂಟಿಕೊಂಡಿದೆ. ಇಳಿಯುವ ವಿಮಾನ ಮರಳಿನಲ್ಲಿ ನಿಂತವರ ತಲೆ ಸವರಿಕೊಂಡೇ ಹೋಗುತ್ತದೇನೋ ಅನ್ನಿಸುತ್ತದೆ. ಮೊಬೈಲಿನಲ್ಲಿ ಆ ವಿಡಿಯೋ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಇಲ್ಲಿ ವಿಮಾನ ನಿಲ್ದಾಣದ ಬೇಲಿ ಹತ್ತಿರ ಉದ್ದನೆಯ ಲೆನ್ಸ್ ಎತ್ತಿದರೆ 'ಯಾರ್ರೀ ನೀವು' ಅಂತ ಕೇಳೋಕೆ ಬರ್ತಾರೆ. ಅಲ್ಲಿ ಜನ ಟವೆಲ್ ಹಾಸಿಕೊಂಡು, ಎಳನೀರು ಕುಡಿಯುತ್ತಾ ತೆಗೆಯುತ್ತಾರೆ. ಬೆಂಗಳೂರಿಂದ ನಾಲ್ಕು ತಾಸಿನ ದಾರಿ. ಬೆಳಿಗ್ಗೆ ಇಳಿಯೋದು, ಹಗಲೆಲ್ಲ ಫೋಟೋ ತೆಗೆಯೋದು, ಅದೇ ದಿನ ವಾಪಸ್ ಹತ್ತೋದು. ಲಾಡ್ಜ್ ಬೇಡ, ಊರು ನೋಡೋದೂ ಬೇಡ.

'ಚಿತ್ರದುರ್ಗಕ್ಕೆ ಹೋಗಿ ಬಂದಂಗೆ ಪರದೇಶಕ್ಕೆ ಹೋಗಿ ಬರ್ತೀರಾ? ಪಿಚ್ಚಿ ಹಿಡಿದೈತೆ ನಿಮಗೆ' ಅಂದಳು ಹೆಂಡತಿ. ಮೊಳಕಾಲ್ಮುರಿನವಳು. ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗು ಬರುತ್ತದೆ, ಹುಚ್ಚು ಪಿಚ್ಚಿಯಾಗುತ್ತದೆ.

ನನ್ನಿವಾಳದಲ್ಲಿರುವ ಅಕ್ಕನಿಗೆ ಹೇಳಿದಾಗ ಅವಳು ನಗಲಿಲ್ಲ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಕೂಲಿಗೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೇ ಅವಳು. ಮದುವೆಯಾದ ಮೇಲೂ ಶೇಂಗಾ ಹೊಲದ ಕಳೆ ಕೀಳುತ್ತಲೇ ಬದುಕಿದಳು. ಅವಳಿಗೆ ಗೊತ್ತಿದ್ದ ವಿಮಾನ ಸಜ್ಜೆ ಕಾಳಿನಷ್ಟು ದೊಡ್ಡದು, ಅಷ್ಟೆ.

'ಅಷ್ಟು ಕೆಳಗೆ ಬರುತ್ತಾ? ಹೊಟ್ಟೆ ಕಾಣುತ್ತಾ ಅದರದ್ದು?'

'ಗಾಲಿ ಸಮೇತ ಕಾಣುತ್ತೆ ಅಕ್ಕ.'

'ಹಂಗಾದ್ರೆ ನಂಗೂ ಕರ್ಕಂಡು ಹೋಗು ಕಣಪ್ಪ. ಕಣ್ಣು ಇರೋದ್ರೊಳಗೆ ನೋಡ್ತೀನಿ.'

ಅಕ್ಕನ ಕಣ್ಣಿನ ನರ ಒಣಗುತ್ತಿದೆ. ಸುತ್ತಲಿನ ಅಂಚಿನಿಂದ ನೋಟ ಮುಚ್ಚಿಕೊಂಡು ಬರುತ್ತದಂತೆ. ಹನಿ ಹಾಕಿದರೆ ನಿಧಾನವಾಗುತ್ತದೆ, ಹೋದದ್ದು ಮಾತ್ರ ವಾಪಸ್ ಬರೋದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. 'ಒಂದು ವರ್ಷವೋ, ಎರಡೋ, ಹೇಳೋಕಾಗಲ್ಲ' ಅಂದಿದ್ದರು. ಅಕ್ಕ ನನ್ನನ್ನು ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ.

ಭಾವನನ್ನು ಕರೆದರೆ, 'ಕುರಿ ಯಾರು ನೋಡ್ತಾರಪ್ಪ, ನೀವಿಬ್ರೇ ಹೋಗ್ ಬರ್ರಿ' ಅಂತ ಎದ್ದು ಹೋದರು. ಅಕ್ಕನ ಪಾಸ್‌ಪೋರ್ಟಿಗೆ ಓಡಾಡಿದ್ದು ಬೇರೆಯೇ ಕಥೆ. ಅವಳು ಹುಟ್ಟಿದ್ದು 'ಸಜ್ಜೆ ಕೊಯ್ಲಿನಾಗೆ' ಅಂತ ಅವ್ವ ಹೇಳುತ್ತಿದ್ದಳು. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತಿದೆ. ನಮ್ಮ ಸ್ಟುಡಿಯೋದಲ್ಲಿ ಬಿಳಿ ಪರದೆ ಮುಂದೆ ಕೂರಿಸಿದರೆ, ಸೆರಗು ಹೊದ್ದು ಪೊಲೀಸಿನವರ ಎದುರು ಕೂತ ಹಾಗೆ ಕೂತಳು.

ಇನ್ನು ದಿನ ಗೊತ್ತು ಮಾಡಬೇಕಿತ್ತು. ಅದಕ್ಕೆ ನಾನು ಯಾರನ್ನೂ ಕೇಳಲಿಲ್ಲ. ಮದುವೆ ಫೋಟೋ ತೆಗೆಯುವವನಿಗೆ ವರ್ಷಕ್ಕೆ ಒಂದೇ ರಜೆ, ಆಷಾಢ. ಆ ತಿಂಗಳು ಯಾರೂ ತಾಳಿ ಕಟ್ಟೋದಿಲ್ಲ, ಯಾರೂ ನಮಗೆ ಫೋನೂ ಮಾಡೋದಿಲ್ಲ. ಗೋಡೆಯ ಪಂಚಾಂಗದಲ್ಲಿ ಅಮಾವಾಸ್ಯೆ ಒಂದು ಬಿಟ್ಟು ನೋಡಿ, ಇಬ್ಬರಿಗೂ ಟಿಕೆಟ್ ಮಾಡಿಸಿಬಿಟ್ಟೆ. ಉಳಿದುಹೋದ ಒಂದು ಲಗ್ನಪತ್ರಿಕೆಯ ಹಿಂದೆ ನಕ್ಷೆ ಬರೆದೆ. ಸಮುದ್ರ, ದಂಡೆ, ವಿಮಾನ ಇಳಿಯುವ ರಸ್ತೆ, ನಾವು ನಿಲ್ಲುವ ಜಾಗಕ್ಕೆ ಒಂದು ಗುಣಾಕಾರ ಚಿಹ್ನೆ. ಪಕ್ಕದಲ್ಲಿ ಯಾವ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ ಅನ್ನುವ ಪಟ್ಟಿ. ಮುಹೂರ್ತದ ಪಟ್ಟಿ ಬರೆದು ಬರೆದು ಕೈ ಪಳಗಿದೆಯಲ್ಲ, ಚೆನ್ನಾಗಿಯೇ ಬಂದಿತ್ತು.

ಅದನ್ನು ತೋರಿಸೋಕೆ ನನ್ನಿವಾಳಕ್ಕೆ ಹೋದಾಗ ಅಕ್ಕ ಅಂಗಳದಲ್ಲಿ ಬಿತ್ತನೆ ಶೇಂಗಾ ಒಡೆದು, ಮೊರದಲ್ಲಿ ಎತ್ತಿ ತೂರುತ್ತಿದ್ದಳು. ಕಾಳು ಕಾಲ ಬುಡಕ್ಕೆ ಬೀಳುತ್ತಿತ್ತು, ಸಿಪ್ಪೆ ಹಾರಿ ಮೂಡಲ ಕಡೆಗೆ ಹೋಗುತ್ತಿತ್ತು. ನಾನು ಮೊಬೈಲಿನಲ್ಲಿ ಕಲಿತದ್ದನ್ನೆಲ್ಲ ಮೇಷ್ಟ್ರಂತೆ ಒದರಿದೆ. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿಯೇ ಇಳಿಯುತ್ತದೆ ಅಂತಲೂ ಹೇಳಿದೆ.

'ಹದ್ದೂ ಹಂಗೇ ಇಳಿಯೋದು' ಅಂದಳು ಅಕ್ಕ. ಮೊರ ಕೆಳಗಿಟ್ಟಳು. 'ಆಷಾಢದಾಗೆ ಅಲ್ಲಿ ಗಾಳಿ ಎತ್ತಗಿಂದ?'

'ನಮ್ಮಂಗೇ. ಪಡುವಲಿಂದ.'

'ಸಮುದ್ರ ಯಾವ ಕಡೀಗೈತೆ?'

'ಅದೂ ಪಡುವಲಿಗೇ.'

'ಹಂಗಾದ್ರೆ ಸಮುದ್ರದ ಕಡೆಯಿಂದ ಯಾಕ್ ಬರುತ್ತಪ್ಪ? ಬೆನ್ನಿಗೆ ಗಾಳಿ ಹಾಕ್ಕಂಡು ಇಳಿಯುತ್ತಾ?'

ನಾನು ಆ ವಿಡಿಯೋ ಮತ್ತೆ ತೆಗೆದು ನೋಡಿದೆ. ಅದು ಚಳಿಗಾಲದ್ದು. ಆಗ ಅಲ್ಲಿ ಗಾಳಿ ಮೂಡಲಿಂದ. ಆಷಾಢದಲ್ಲಿ ವಿಮಾನಗಳು ಇಳಿಯುವುದು ಮೂಡಲ ತುದಿಯಿಂದ, ಊರೊಳಗಿಂದ. ದಂಡೆಯಲ್ಲಿ ನಿಂತರೆ ಹೊರಟು ಹೋಗುವುದು ಕಾಣುತ್ತದೆ, ಅದೂ ಎತ್ತರದಲ್ಲಿ. ಪ್ರಪಂಚದಲ್ಲಿ ಇನ್ನಾರೂ ಈ ತಪ್ಪು ಮಾಡುತ್ತಿರಲಿಲ್ಲ. ಮದುವೆ ಇಲ್ಲದ ತಿಂಗಳು ನೋಡಿ ವಿಮಾನಕ್ಕೆ ದಿನ ಇಡುವವನು ನಮ್ಮ ಕಸುಬಿನವನೊಬ್ಬನೇ.

'ಮಾಘಕ್ಕೆ ಹಾಕ್ಕಳ್ಳೋಣ' ಅಂದೆ. 'ಒಂದೆರಡು ಮದುವೆ ಬಿಟ್ರೆ ಆಯ್ತು.'

'ಮಾಘದ ತನಕ ಇರ್ತೀನಿ ಅಂತ ನನ್ ಕಣ್ಣು ಹೇಳ್ಬೇಕಲ್ಲ. ಆ ಕಡೆ ತುದೀಗೆ ನಿಂತ್ರಾಯ್ತು ಬಿಡು.'

'ಅಲ್ಲಿ ಏನೈತೆ ಅಕ್ಕ? ರಸ್ತೆ, ಕರೆಂಟು ತಂತಿ, ತಗಡಿನ ಶೆಡ್ಡು. ಫೋಟೋ ಕೆಟ್ಟು ಕೆರ ಹಿಡಿಯುತ್ತೆ.'

'ತಂತಿ ಇದ್ರೆ ವಿಮಾನ ಕಾಣಲ್ವಾ?'

ನಕ್ಷೆ ಮಡಚಿ ಜೇಬಿಗಿಟ್ಟುಕೊಂಡು ಎದ್ದುಬಂದೆ. ಅವಳು ಮಾಡಿಟ್ಟ ಚಹಾ ಕೂಡ ಕುಡಿಯಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಸಮುದ್ರ ಬೇಕಿತ್ತು. ವಿಮಾನದ ಹಿಂದೆ ನೀಲಿ ನೀರಿರುವ ಆ ಒಂದು ಫೋಟೋ ಬೇಕಿತ್ತು. ಅಕ್ಕನ ಕಣ್ಣಿಗಿಂತ ಅದು ಹೆಚ್ಚೇ ಅಂತ ಕೇಳಿಕೊಳ್ಳೋಕೆ ನನಗೆ ಧೈರ್ಯ ಇರಲಿಲ್ಲ. ನಾಲ್ಕು ದಿನ ಫೋನೂ ಮಾಡಲಿಲ್ಲ.

ಭಾನುವಾರ ದೇವಸಮುದ್ರದಲ್ಲಿರುವ ನನ್ನ ಕಸುಬಿನ ಗೆಳೆಯನಿಂದ ದೊಡ್ಡ ಲೆನ್ಸ್ ತರಬೇಕಿತ್ತು. ಮಾತಾಡಿಸಿದಂತೆಯೂ ಆಗುತ್ತದೆ ಅಂತ ಅಕ್ಕನನ್ನೂ ಬೈಕಿನ ಹಿಂದೆ ಕೂರಿಸಿಕೊಂಡೆ. ವಾಪಸ್ ಬರುವಾಗ ಲೆನ್ಸ್ ಪರೀಕ್ಷೆ ಮಾಡೋಣ ಅಂತ ಬ್ರಹ್ಮಗಿರಿಗೆ ತಿರುಗಿಸಿದೆ. ಆ ಗುಡ್ಡದ ಹಳೇ ಕಲ್ಲುಶಾಸನದ ಹತ್ತಿರ, ಒಂದು ಹಾಸುಬಂಡೆ ಮೇಲೆ ಕೂತೆವು. ಆಕಾಶ ತೊಳೆದಿಟ್ಟಂತಿತ್ತು. ಸ್ವಲ್ಪ ಹೊತ್ತಿಗೆ ಮೇಲೆ ಸದ್ದು ಬಂತು. ನಾನು ಕ್ಯಾಮೆರಾ ಎತ್ತಿ ಐದಾರು ಸಲ ಒತ್ತಿದೆ. ಚೆನ್ನಾಗಿ ಬಂದವು.

ಖುಷಿಯಿಂದ ಅಕ್ಕನ ಕಡೆ ತಿರುಗಿದರೆ ಅವಳು ಬೇರೆ ಎತ್ತಲೋ ನೋಡುತ್ತಿದ್ದಳು. ಸದ್ದು ಹಿಂದೆ, ವಿಮಾನ ಮುಂದೆ. ಅವಳು ಸದ್ದಿನಲ್ಲಿ ಹುಡುಕುತ್ತಿದ್ದಳು.

'ಎಲ್ಲಿ?'

'ಅಲ್ಲಿ ನೋಡು' ಅಂತ ಬೆರಳು ತೋರಿಸಿದೆ. ಅವಳು ನನ್ನ ಬೆರಳನ್ನೂ ಹುಡುಕಿದಳು. ಅವಳ ಮುಖದಿಂದ ಮೊಳ ದೂರದಲ್ಲಿದ್ದ ಬೆರಳು.

ಇಷ್ಟು ವರ್ಷ ಊರವರ ಮುಖ ನೋಡಿಯೇ ಅನ್ನ ತಿಂದವನು, ಅಕ್ಕನ ನೋಟ ಇಷ್ಟು ಸಣ್ಣದಾಗಿದ್ದು ನೋಡಿರಲಿಲ್ಲ. ಕ್ಯಾಮೆರಾ ಬಂಡೆ ಮೇಲಿಟ್ಟು ಎರಡೂ ಕೈಯಿಂದ ಅವಳ ಗದ್ದ ಹಿಡಿದು ಮೆಲ್ಲಗೆ ತಿರುಗಿಸಿದೆ. ಸ್ವಲ್ಪ ಮೇಲೆ, ಸ್ವಲ್ಪ ಬಲಕ್ಕೆ.

'ಹಾಂ, ಸಿಕ್ತು' ಅಂದಳು. ವಿಮಾನ ಕರಗುವ ತನಕ ಗದ್ದ ಬಿಡಲಿಲ್ಲ ನಾನು.

ಆಮೇಲೆ ಹೇಳಿದೆ. 'ಆಷಾಢದಾಗೇ ಹೋಗೋಣ ಅಕ್ಕ. ಮೂಡಲ ತುದೀಲೇ ನಿಲ್ಲೋಣ. ಕ್ಯಾಮೆರಾ ತರಲ್ಲ ನಾನು. ಎರಡೂ ಕೈ ನಿಂಗೇ ಬೇಕಾಗ್ತಾವೆ.'

ಖುಷಿ ಪಡ್ತಾಳೆ ಅಂದುಕೊಂಡಿದ್ದೆ. ರೇಗಿದಳು.

'ತಲೆ ನೆಟ್ಟಗೈತಾ ನಿಂಗೆ? ಕ್ಯಾಮೆರಾ ಬಿಟ್ಟು ಹೋಗಿ ಏನ್ ಮಾಡ್ತೀಯಾ? ಒಂದು ವಿಮಾನ ನಂಗೆ ತೋರ್ಸು, ಒಂದು ನೀನು ತಗಿ. ತಂತಿ ಬಂದ್ರೆ ಬರ್ಲಿ. ಮುಂದೆ ನಂಗೆ ಏನೂ ಕಾಣ್ದಂಗಾದಾಗ ಆ ಪಟ ಮುಂದೆ ಇಟ್ಕಂಡು ನೀನು ನಂಗೆ ಹೇಳ್ಬೇಕು. ಇದು ಹಿಂಗಿತ್ತು, ಇದರ ಹೊಟ್ಟೆ ಇಷ್ಟು ದೊಡ್ಡದಿತ್ತು ಅಂತ. ಇಲ್ಲದ್ದೆಲ್ಲ ಸೇರ್ಸಿ ಹೇಳ್ಬೇಡ ಮತ್ತೆ, ನಾನೂ ಅಲ್ಲೇ ನಿಂತು ನೋಡಿರ್ತೀನಿ.'

ಸದ್ದು ಮಾಡದೆ ಅತ್ತುಬಿಟ್ಟೆ. ಅವಳ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಪಕ್ಕದಲ್ಲೇ ಕೂತಿದ್ದೆ. ಪಕ್ಕದಲ್ಲಿದ್ದೆನಲ್ಲ, ಅವಳಿಗೆ ಕಾಣಲಿಲ್ಲ.

'ಯಾಕ್ ಸುಮ್ಕಾದೆ?' ಅಂದಳು ಅಕ್ಕ, ಎದುರಿನ ಆಕಾಶ ನೋಡುತ್ತಾ. 'ಇನ್ನೊಂದು ಬರುತ್ತೇನೋ ನೋಡು.'