ಹೆಪ್ಪು ಕಟ್ಟದ ಹಾಲು

ನನ್ನ ಅಕ್ಕನಿಗೆ ಜ್ವರವಿಲ್ಲ. ಗಾಯವಿಲ್ಲ. ಕೆಮ್ಮೂ ಇಲ್ಲ. ಆದರೂ ಕಳೆದ ಬುಧವಾರ ಕೋಲಾರದ ಆಸ್ಪತ್ರೆಯೊಂದರಲ್ಲಿ ಅವಳನ್ನು ಒಂಟಿ ಕೋಣೆಗೆ ಹಾಕಿ, ಬಾಗಿಲಿಗೆ ಎಚ್ಚರಿಕೆಯ ಹಳದಿ ಚೀಟಿ ಅಂಟಿಸಿದರು.

ಮಂಡಿ ಬದಲಿಸಲೆಂದು ಸುಗಟೂರಿನಿಂದ ಕರೆತಂದಿದ್ದೆ. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಲಾಗದೆ ಆರು ತಿಂಗಳಾಗಿತ್ತು. ಇಲ್ಲಿ ಆಪರೇಷನ್‌ಗೆ ಮೊದಲು ಮೂಗು, ಕಂಕುಳು, ತೊಡೆಸಂದುಗಳನ್ನು ಹತ್ತಿಕಡ್ಡಿಯಲ್ಲಿ ಒರೆಸಿ ಲ್ಯಾಬಿಗೆ ಕಳಿಸುತ್ತಾರೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಲು. ("ಮೂಗಲ್ಲೇನು ಚಿನ್ನ ಐತೇನಮ್ಮಾ?" ಎಂದು ಅಕ್ಕ ನರ್ಸನ್ನು ನಗಿಸಿದ್ದಳು.)

ಇತ್ತು. ಚಿನ್ನವಲ್ಲ.

"ಈಗೇನೂ ಮಾಡ್ತಿಲ್ಲ. ಸುಮ್ನೆ ಕೂತಿದೆ" ಎಂದರು ಡಾಕ್ಟರು.

"ಯಾವಾಗಿಂದ?"

"ಗೊತ್ತಿಲ್ಲ."

"ಆಪರೇಷನ್?"

"ಈಗ ಬೇಡ. ಅದು ಹೊಸ ಮಂಡಿಯೊಳಗೆ ಸೇರ್ಕೊಂಡ್ರೆ, ಹಾಕಿದ್ದನ್ನೆಲ್ಲ ತೆಗೀಬೇಕಾಗುತ್ತೆ. ಒಂದೊಂದ್ಸಲ ಕಾಲೂ..."

ಮೂಗಿಗೆ ಮುಲಾಮು, ಸ್ನಾನಕ್ಕೆ ಬೇರೆ ಸೋಪು, ಆಮೇಲೆ ಮತ್ತೆ ಟೆಸ್ಟ್. ಮೊದಲು ನಗುತ್ತಿದ್ದ ನರ್ಸ್ ಅಂದಿನಿಂದ ಗ್ಲೌಸ್, ಗೌನ್ ತೊಟ್ಟು ಒಳಬರತೊಡಗಿದರು. ಉಳಿದವರು ಬಾಗಿಲಲ್ಲೇ ನಿಂತು ಮಾತಾಡಿದರು. ಅಕ್ಕ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಏನೂ ಕಾಣಲ್ವಲ್ಲೋ."

ಡಾಕ್ಟರು ಫಾರಂ ತುಂಬುತ್ತಾ ಕೇಳಿದರು: "ಈಚೆಗೆ ಆ್ಯಂಟಿಬಯಾಟಿಕ್ ತಗೊಂಡಿದ್ರಾ ಅಮ್ಮಾ?"

"ನಾನ್ಯಾಕೆ ತಗೊಳ್ಲಿ? ಹಸೂಗೆ ಕೆಚ್ಚಲುಬಾವು ಅಂತ ಹಾಕಿಸಿದ್ದೆ, ಅಷ್ಟೇ."

"ಆ ಹಾಲು?"

"ಡೈರಿಗೆ ಹಾಕಿಲ್ಲಪ್ಪಾ! ಊರೋರಿಗೆ ಔಷಧಿ ಹಾಲು ಕುಡಿಸ್ತೀವಾ?"

"ಚೆಲ್ಲಿದ್ರಾ?"

"ಹಾಲು ಚೆಲ್ತಾರಾ? ಮನೇಲೇ ಕಾಫಿಗಿಟ್ಕೊಂಡ್ವಿ. ಮೊಸರಿಗಂತೂ ಬರಲಿಲ್ಲ. ಎಷ್ಟು ಹೆಪ್ಪು ಹಾಕಿದ್ರೂ ಬೆಳಗ್ಗೆ ನೋಡಿದ್ರೆ ಹಾಲು ಹಾಲಾಗೇ ಇರೋದು."

ಪೆನ್ನು ನಿಂತಿತು.

"ಅದರಿಂದಲೇ ಬಂತು ಅಂತ ಹೇಳಕ್ಕಾಗಲ್ಲ" ಎಂದರು ಡಾಕ್ಟರು. ಅವರ ಮಾತನ್ನು ಇದ್ದಂತೆಯೇ ದಾಖಲಿಸುತ್ತಿದ್ದೇನೆ. ಹಾಲು ಕಾಯಿಸಿದರೆ ಕ್ರಿಮಿ ಸಾಯಬಹುದು, ಔಷಧಿ ಪೂರ್ತಿ ಹೋಗುವುದಿಲ್ಲ ಎಂದೂ ಹೇಳಿದರು.

ನಮ್ಮ ಕಡೆ ಹಸುವಿರುವ ಮನೆಗಳಲ್ಲಿ ಇದು ಪ್ರಾಮಾಣಿಕತೆಯ ಲೆಕ್ಕ. ಮಾರುವುದು ತಪ್ಪು, ಮನೆಯವರು ಕುಡಿದರೆ ತಪ್ಪಿಲ್ಲ. ಆದರೆ ಹೆಪ್ಪಿನ ಜೀವವನ್ನೇ ತೆಗೆದ ಹಾಲು ಅದು. ನಮ್ಮ ಹೊಟ್ಟೆಗಿಳಿದು ಯಾವ ಕ್ರಿಮಿಯನ್ನು ಕೊಂದಿತು? ಯಾವುದಕ್ಕೆ ಔಷಧಿಗೆ ಬಗ್ಗದೆ ಬದುಕುವುದನ್ನು ಕಲಿಸಿತು?

ಅಕ್ಕನನ್ನು ಕರೆತರಲು ಹೋದ ದಿನ ನಾನೂ ಅದೇ ಹಾಲಿನ ಕಾಫಿ ಕುಡಿದಿದ್ದೆ. ಎರಡು ಲೋಟ. ನನ್ನ ಮೂಗನ್ನೂ ನೋಡಿಬಿಡಿ ಎಂದೆ.

"ಅಡ್ಮಿಟ್ ಆಗೋರಿಗೆ ಮಾತ್ರ ಸಾರ್" ಎಂದರು ನರ್ಸ್.

ಸಂಜೆ ಬಸ್ ಹತ್ತಿದೆ. ಕಾಲಿಡಲು ಜಾಗವಿಲ್ಲದಷ್ಟು ಜನ. ಹಳದಿ ಚೀಟಿ ಯಾರ ಮೇಲೂ ಇರಲಿಲ್ಲ.