ಹಸಿರು ಅರಿವೆಯ ಬುತ್ತಿ

ಅನುಮಾನ ಪಡುವುದರಲ್ಲಿ ನನಗೆ ಸ್ವಲ್ಪ ಹೆಸರಿದೆ. ಅಂಗಡಿಯವನು ನಕ್ಕರೆ ತಕ್ಕಡಿ ನೋಡುತ್ತೇನೆ. ಯಾರಾದರೂ ಹೊಗಳಿದರೆ ಇವರಿಗೆ ಏನು ಬೇಕಾಗಿರಬಹುದು ಎಂದು ಕಾಯುತ್ತೇನೆ. ಈ ಗುಣ ಪೂರ್ತಿ ಅರಳಿದ್ದು ರೋಣದಲ್ಲಿ, ಬಿ.ಎ. ಮೊದಲ ವರ್ಷದ ಮೊದಲ ವಾರದಲ್ಲಿ. ಯಾವಗಲ್ಲಿನಿಂದ ಹೊರಡುವಾಗ ಅವ್ವ, "ಯಾರನ್ನೂ ಲಗೂ ನಂಬಬ್ಯಾಡ" ಎಂದಿದ್ದಳು. ಅವಳು ಹೇಳಿದ ಹತ್ತು ಮಾತುಗಳಲ್ಲಿ ನಾನು ಪಾಲಿಸಿದ್ದು ಅದೊಂದನ್ನೇ.

ನಮ್ಮ ಕಡೆ ಊರು ಬಿಟ್ಟು ಓದುವ ಹುಡುಗರಿಗೆ ಬುತ್ತಿ ಬಸ್ಸಿನಲ್ಲಿ ಬರುತ್ತದೆ. ಅವ್ವಂದಿರು ರೊಟ್ಟಿ, ಗಟ್ಟಿ ಪಲ್ಯ, ಚಟ್ನಿಯ ಪೊಟ್ಟಣ ಎಲ್ಲವನ್ನೂ ಅರಿವೆಯಲ್ಲಿ ಕಟ್ಟಿ ಕಂಡಕ್ಟರನ ಕೈಗೆ ಕೊಡುತ್ತಾರೆ. ಅವನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾನೆ. ಗಂಟಿನ ಮೇಲೆ ಹೆಸರಿಲ್ಲ, ವಿಳಾಸವಿಲ್ಲ. ಅವರವರ ಅರಿವೆ ಅವರವರಿಗೆ ಗೊತ್ತು.

ಮೊದಲ ದಿನ ನಾನೂ ನನ್ನ ರೂಮಿನ ಜೊತೆಗಾರ, ಅಸೂಟಿಯ ಈರಣ್ಣನೂ ಕೂಡಿಯೇ ಹೋದೆವು. ಹಸಿರು ಅರಿವೆಯ ಗಂಟನ್ನು ನಾನು ದೂರದಿಂದಲೇ ಗುರುತಿಸಿ ಎತ್ತಿಕೊಂಡೆ. ರೂಮಿನಲ್ಲಿ ಒಂದು ತುತ್ತು ಬಾಯಿಗಿಟ್ಟದ್ದೇ ತಡ, ಅಳು ಬಂತು. "ನಮ್ಮವ್ವ ಬಡದ ರೊಟ್ಟಿ ಸಾವಿರದಾಗ ಗುರ್ತ ಹಿಡೀತೀನಿ ನೋಡಪಾ" ಎಂದು ಕಣ್ಣೊರೆಸಿಕೊಂಡೆ. ಈರಣ್ಣ ನನ್ನ ಮುಂದಿನ ಅರಿವೆಯನ್ನೊಮ್ಮೆ ನೋಡಿ, ಉಳಿದ ಗಂಟನ್ನು ಬಿಚ್ಚಿಕೊಂಡ. ಮರುದಿನದಿಂದ ಅವನ ಕ್ಲಾಸು ಬೇಗ ಮುಗಿಯುತ್ತಿದ್ದರಿಂದ ಎರಡೂ ಗಂಟುಗಳನ್ನು ಅವನೇ ತರತೊಡಗಿದ. ನಾನು ಬರುವಷ್ಟರಲ್ಲಿ ಅವನ ಊಟ ಮುಗಿದಿರುತ್ತಿತ್ತು.

ಬುಧವಾರ ಫೋನಿನಲ್ಲಿ ಅವ್ವ, "ಶೇಂಗಾ ಚಟ್ನಿ ಹ್ಯಾಂಗಾಗೇತೋ? ನಿನಗ ಸೇರತೈತಂತ ದಿನಾ ಹಾಕಾಕ್ಹತ್ತೀನಿ" ಎಂದಳು. ನನಗೆ ದಿನವೂ ಬರುತ್ತಿದ್ದದ್ದು ಅಗಸಿ ಚಟ್ನಿ!

ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯುವುದನ್ನು ತರ್ಕಶಾಸ್ತ್ರದ ಹಿರಿಯರು ಅನುಮಾನ ಎಂದೇ ಕರೆದರು. ನನಗೆ ಈರಣ್ಣನ ತಟ್ಟೆಯ ಅಂಚಿನಲ್ಲಿ ಶೇಂಗಾ ಪುಡಿ ಕಂಡಿತು. ಇವನು ದಾರಿಯಲ್ಲಿ ನನ್ನ ಗಂಟು ಬಿಚ್ಚುತ್ತಾನೆ, ಚಟ್ನಿ ಅದಲುಬದಲು ಮಾಡುತ್ತಾನೆ, ಮತ್ತೆ ಇದ್ದಂತೆಯೇ ಕಟ್ಟುತ್ತಾನೆ ಎಂದು ತೀರ್ಮಾನಿಸಿದೆ. ಮೂರು ದಿನ ಗಂಟಿನ ಫೋಟೋ ತೆಗೆದಿಟ್ಟೆ. ಯಾವ ಪಾಠಕ್ಕೂ ಅಷ್ಟು ಶ್ರದ್ಧೆ ತೋರಿಸಿದವನಲ್ಲ ನಾನು. ಶನಿವಾರ ಕೇಳಿಯೇಬಿಟ್ಟೆ.

"ನಮ್ಮವ್ವನ ಶೇಂಗಾ ಚಟ್ನಿ ನೀನ ತಿಂದಿ, ಹೌದಿಲ್ಲೋ?"

"ಹೌದು, ತಿಂದೀನಿ" ಎಂದ ಈರಣ್ಣ. ಅವನ ಮುಖ ಸಣ್ಣದಾಗಿತ್ತು. "ಸೋಮವಾರ ಬ್ಯಾರೆ ರೂಮ್ ನೋಡ್ಕೋತೀನಿ ತಗೋ."

ಕಳ್ಳ ಸಿಕ್ಕ ಖುಷಿಯಲ್ಲಿ ಊರಿನ ಬಸ್ಸು ಹತ್ತಿದೆ. ಆದರೆ ರೋಣದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವನು ಅವನೊಬ್ಬನೇ ಎಂಬುದು ದಾರಿಯಲ್ಲಿ ನೆನಪಾಯಿತು.

ಮನೆಯಲ್ಲಿ ವಾರದ ಬುತ್ತಿಯ ಅರಿವೆಗಳನ್ನು ಅವ್ವನ ಮುಂದೆ ಹಾಕಿದೆ. ಅವಳು ಒಂದೊಂದನ್ನೇ ಬಿಚ್ಚಿ ನೋಡಿದಳು.

"ಇವು ಯಾರ ಅರಬಿ ತಂದೀಯೋ? ನಿನ್ನ ಗುರ್ತಿಗಂತ ನಾ ಮೂಲ್ಯಾಗ ಕೆಂಪ ದಾರ ಹೊಲದಿದ್ನೆಲ್ಲೋ!"

ನಮ್ಮ ಅರಿವೆಗಳಂತೆ ಇವೂ ಹಸಿರೇ, ಆದರೆ ಒಂದರಲ್ಲೂ ಕೆಂಪು ದಾರವಿರಲಿಲ್ಲ. ಆರು ದಿನ ನಾನು ಉಂಡದ್ದು ಈರಣ್ಣನ ಅವ್ವನ ಬುತ್ತಿ. ಮೊದಲ ದಿನ ಕಣ್ಣೀರು ಹಾಕಿದ್ದೂ ಆ ತಾಯಿಯ ರೊಟ್ಟಿಗೇ. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಸೋಮವಾರ ಮೊದಲ ಬಸ್ಸಿಗೇ ಓಡಿದೆ. ಈರಣ್ಣ ಟ್ರಂಕಿಗೆ ಬೀಗ ಹಾಕುತ್ತಿದ್ದ.

"ಗೊತ್ತಿದ್ದೂ ಯಾಕ ಹೇಳಲಿಲ್ಲೋ?"

"ನೀ ಅಳಾಕ್ಹತ್ತಿದ್ದೆಲ್ಲಪಾ. ಅದು ನಿಮ್ಮವ್ವನ ರೊಟ್ಟಿ ಅಲ್ಲ ಅಂತ ಹ್ಯಾಂಗ ಹೇಳ್ಲಿ?"

"ತಪ್ಪಾತೋ" ಎಂದು ಅವನ ಟ್ರಂಕನ್ನು ಮತ್ತೆ ಮಂಚದ ಕೆಳಗೆ ತಳ್ಳಿದೆ. ಮೂರು ವರ್ಷ ಅದು ಅಲ್ಲಿಯೇ ಇತ್ತು. ಅಂದಿನಿಂದ ಏನು ಕಳೆದರೂ ಮೊದಲು ನನ್ನ ಮೇಲೆಯೇ ಅನುಮಾನ ಪಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಆದರೂ ಒಂದು ಮಾತು. ಮೊದಲ ದಿನ ಅವನು ಸುಮ್ಮನಿದ್ದದ್ದು ಕರುಣೆ, ಒಪ್ಪಿದೆ. ಉಳಿದ ಐದು ದಿನ? ನಮ್ಮವ್ವನ ಶೇಂಗಾ ಚಟ್ನಿಯ ರುಚಿ ಸಾಮಾನ್ಯದ್ದಲ್ಲ. ಕೇಳಿದರೆ ಈರಣ್ಣ ಈಗಲೂ ಬರೀ ನಗುತ್ತಾನೆ. ಅವನು ನಕ್ಕಾಗಲೆಲ್ಲ ನಾನು ಅವನ ತಟ್ಟೆ ನೋಡುತ್ತೇನೆ.