ಕುಲ್ಸುಂ ಬಿ ಒತ್ತದ ಹೆಬ್ಬೆಟ್ಟು

"ಆ ಗುಮಾಸ್ತಯ್ಯ ಮೂಗಿಗೆ ಕರ್ಚೀಪು ಇಡ್ಕಂಡು ನಿಂತಿದ್ದ ಕಣಕ್ಕ. ಮೂಗಮ್ಮ ಮಂಡಿ ಊರ್ಕಂಡು ಬೆಂದ ರೇಷ್ಮೆ ಉಳಾನೆಲ್ಲ ನೆಲದ ಮ್ಯಾಲೆ ಅರಡ್ತಿದ್ಲು. ಕೋಳಿಗೆ ಹಾಕಾಕೆ ಅಂತ ಗಂಟು ಕಟ್ಕಂಡಿದ್ಲು, ಅದ್ರೊಳಗೆ ನೂಲು ಬಚ್ಚಿಟ್ಟವ್ಳೆ ಅಂತ ಅವನ ಅನುಮಾನ. ಇಚುಕಿ ತೋರ್ಸು ಅಂದ. ಇಚುಕಿದ್ಲು. ರಸ ಮೊಣಕೈವರ್ಗೂ ಇಳೀತು. ತುರುಬು ಬಿಚ್ಚು ಅಂದ, ಬಿಚ್ಚಿದ್ಲು. ಏನೂ ಸಿಗ್ನಿಲ್ಲ. ಸಿಗ್ದಿದ್ರೂ ಪುಸ್ತಕದಲ್ಲಿ ಕಳವು ಅಂತ್ಲೇ ಬರ್ದು, ನನ್ ಕಡೆ ತಿರುಗ್ಸಿ, 'ಬೇಗ ಎಬ್ಬೆಟ್ಟು ಒತ್ತಮ್ಮ, ಬಸ್ಸು ಓಯ್ತದೆ' ಅಂದ. ಇಷ್ಟು ವರ್ಷ ಉಳದ ನೀರಲ್ಲಿ ಕೈ ಇಟ್ಟವ್ಳು ನಾನು. ಅವತ್ತು ಆ ಪುಸ್ತಕ ಮುಟ್ಟಾಕೆ ಅಸಹ್ಯ ಆಯ್ತು."

ಪಕ್ಕದ ಮನೆಯ ಕುಲ್ಸುಂ ಬಿ ಇದನ್ನು ನಮ್ಮ ಜಗಲಿಯ ಮೇಲೆ ಕೂತು ಹೇಳಿದ್ದು ಕನ್ನಡ ನಾಡು ಒಂದಾದ ವರ್ಷ. ಚಾಮರಾಜನಗರದ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಅವಳು ಹೆಂಗಸರ ಮೇಸ್ತ್ರಿ. ಗಂಡ ಅಪ್ಸರ್ ಪಾಷಾ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮೇಸ್ತ್ರಿ ಆಗುವ ಮೊದಲು ಅವಳೂ ಕುದಿಯುವ ನೀರಿನಲ್ಲಿ ಗೂಡು ಅದ್ದಿ ಎಳೆ ತೆಗೆಯುತ್ತಿದ್ದವಳೇ. ಬೆರಳ ಸಂದುಗಳು ಕೊಳೆತು ಅನ್ನ ಕಲಸಲೂ ಆಗುತ್ತಿರಲಿಲ್ಲ. ಮೇಸ್ತ್ರಿ ಕೆಲಸ ಸಿಕ್ಕ ಮೇಲೆ ಕೈ ಒಣಗಿ, ಹೊಸ ಚರ್ಮ ಬಂದಿತ್ತು. ನನಗೆ ಕೈ ಚಾಚಿ ತೋರಿಸಿದ್ದಳು.

ಪಾಳಿ ಮುಗಿದಾಗ ಒಬ್ಬೊಬ್ಬರ ನೂಲನ್ನೂ ಗಳುವಿಗೆ ಹಾಕಿ, ಆರಿದ ಮೇಲೆ ತೂಗಿ ಬರೆದುಕೊಳ್ಳಬೇಕು. ಮರುದಿನ ಕಟ್ಟು ಕಟ್ಟುವಾಗ ಇನ್ನೊಮ್ಮೆ ತೂಗಿ, ಎರಡೂ ತಾಳೆಯಾದರೆ ಗುಮಾಸ್ತ ಸಹಿ ಹಾಕಿ, ಮೇಸ್ತ್ರಿ ಹೆಬ್ಬೆಟ್ಟು ಒತ್ತಿ ಆ ಪಾಳಿಯ ಲೆಕ್ಕ ಮುಗಿಸಬೇಕು. ಗುಮಾಸ್ತ ಗಂಗಾಧರಸ್ವಾಮಿ ಬೇಗೂರಿನವನು. ಸಂಜೆ ಬಸ್ಸು ತಪ್ಪುತ್ತದೆಂದು ಹಿಂದಿನ ದಿನ ತೊಟ್ಟಿಕ್ಕುವ ನೂಲನ್ನೇ ತಕ್ಕಡಿಗೆ ಹಾಕಿ ಬರೆದಿದ್ದ. ಮಾರನೆ ದಿನ ನೀರು ಆರಿ ಎಲ್ಲರದೂ ಕಡಿಮೆ ಬಂತು. ಗೋಡೆ ಪಕ್ಕದ ತಂಪಿನಲ್ಲಿ ಕೂರುವ ಮೂಗಮ್ಮನ ನೂಲು ಹೆಚ್ಚು ನೀರು ಹಿಡಿದಿತ್ತು, ಅವಳದೇ ಎಲ್ಲರಿಗಿಂತ ಕಡಿಮೆ ಬಂತು. ಅವಳು ಹರದನಹಳ್ಳಿಯಿಂದ ನಡೆದು ಬರುವ ಬಡವಿ, ಕೇಳುವವರಿಲ್ಲ. ಕೊರತೆಯನ್ನೆಲ್ಲ ಅವಳ ತಲೆಗೆ ಕಟ್ಟಿದ.

ಕುಲ್ಸುಂ ಬಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳಂತೆ.

"ಸ್ವಾಮಿ, ನೆನ್ನೆ ನೀರು ತೂಗ್ಬುಟ್ರಿ. ಇವತ್ತು ಅದ್ನ ರೇಷ್ಮೆ ಮಾಡ್ಕೊಡು ಅಂದ್ರೆ ಅವ್ಳು ಎಲ್ಲಿಂದ ತತ್ತಾಳೆ?"

"ಮೇಸ್ತ್ರಿ ಕೆಲಸ ಬೇಕೋ, ಬ್ಯಾಡ್ವೋ?"

"ಬೇಕು."

"ಹಂಗಾರೆ ಒತ್ತು."

"ನೀರು ಅಂತ ಬರೀರಿ, ಒತ್ತೀನಿ."

"ನೀರು ಅಂತ ಬರಿಯಾಕೆ ಇದ್ರಲ್ಲಿ ಜಾಗ ಇಲ್ಲ."

"ನಿಮ್ಮ ಹಣೆ ಅಗಲವಾಗೇ ಅದೆ, ಅಲ್ಲಿ ಬರ್ಕಳಿ," ಎಂದು ಹಿಂದಿನಿಂದ ಒಬ್ಬಳು ಅಂದಳಂತೆ.

ಕುಲ್ಸುಂ ಬಿ ಒತ್ತಲಿಲ್ಲ. ಬಸ್ಸು ಹೋಯಿತು. ಬೆಳಿಗ್ಗೆ ಕಾರ್ಖಾನೆಯ ಸಾಹುಕಾರ ಬಂದು, ಲೆಕ್ಕ ಯಾಕೆ ಮುಗಿದಿಲ್ಲ ಎಂದು ಮಾತ್ರ ಕೇಳಿದ. ನೀರಿನ ವಿಷಯ ಕೇಳಿಸಿಕೊಂಡು, ಎಲೆ ಅಡಿಕೆ ಅಗಿಯುತ್ತಾ, ಪುಸ್ತಕದಲ್ಲಿ ಕಳವು ಅಂತ ಬರೆದದ್ದನ್ನು ಹೊಡೆದು ಹಾಕಿಸಿದ. ಆದರೆ ಕೊರತೆಯನ್ನು ಎಲ್ಲರ ಕೂಲಿಯಲ್ಲೂ ಹಿಡಿಸಿದ. ಗುಮಾಸ್ತ ತನ್ನ ಕುರ್ಚಿಯಲ್ಲೇ ಉಳಿದ. ಎದುರು ಮಾತಾಡುವವಳು ಮೇಸ್ತ್ರಿ ಆಗಿರಬಾರದೆಂದು ಕುಲ್ಸುಂ ಬಿಯನ್ನು ಮತ್ತೆ ಬಿಸಿನೀರಿಗೆ ಕಳಿಸಿದರು. ಅವಳ ಜಾಗಕ್ಕೆ ಬಂದವಳು ಕೇಳಿದ ಕಡೆಯೆಲ್ಲ ಹೆಬ್ಬೆಟ್ಟು ಒತ್ತಿದಳು.

"ಎಂಗಸ್ರು ಏನಂದ್ರು?" ಎಂದು ಕೇಳಿದೆ.

"ನಿನ್ನಿಂದ ನಮ್ಮ ಕೂಲಿಗೂ ಕತ್ರಿ ಬಿತ್ತು ಅಂದ್ರು. ಥೂ, ಆ ಕಟ್ಟಡಕ್ಕೇ ಉಗೀಬೇಕು ಅನ್ಸುತ್ತೆ ಕಣಕ್ಕ. ಉಳ ಬೆಂದು ನಾತ ಬಂದ್ರೆ ತೊಳ್ಕಬೋದು."

"ಮೂಗಮ್ಮ?"

"ಕೆಲ್ಸಕ್ಕೆ ಬತ್ತಾವ್ಳೆ. ಇವತ್ತೂ ಕೋಳಿಗೆ ಉಳ ಕಟ್ಕಂಡು ಓದ್ಲು. ಯಾರೂ ಬಿಚ್ಚು ಅನ್ನಿಲ್ಲ."

ಅಷ್ಟು ಹೇಳಿ ಮನೆಗೆ ಎದ್ದಳು. ನಡುವೆ ಮೊಣಕಾಲೆತ್ತರದ ಗೋಡೆಯಷ್ಟೇ, ಅವಳ ಹಿತ್ತಲು ನನಗೆ ಕಾಣುತ್ತಿತ್ತು. ಅವಳ ಬೆರಳ ಸಂದುಗಳು ಆಗಲೇ ಬೆಳ್ಳಗೆ ಬಿರಿದಿದ್ದವು. ಬೂದಿ ಹಚ್ಚಿ ಕೈ ಉಜ್ಜಿದಳು, ಮೂಸಿದಳು, ಮತ್ತೆ ಉಜ್ಜಿದಳು. ಅಪ್ಸರ್ ಪಾಷಾ ಒಲೆ ಹೊತ್ತಿಸಿಕೊಟ್ಟ. ಅವಳು ಮಣೆ ಎಳೆದುಕೊಂಡು, ಕೈಯ ಉರಿಗೆ ತುಟಿ ಕಚ್ಚಿ, ರಾತ್ರಿಯ ರೊಟ್ಟಿಗೆ ಹಿಟ್ಟು ನಾದಲು ಕೂತಳು.